ಒಂದೇ ಬಸ್ಸಿನಿಂದ ಹೊರಟ ಜಿ. ಡಿ. ನಾಯ್ಡು

ನಮ್ಮ ಕಡೆಯಿಂದ ಪಳನಿಗೆ ಹೋಗುವ ಯಾತ್ರಿಕರಲ್ಲಿ ಅನೇಕರು ಪಾಲಕ್ಕಾಡು ದಾಟಿ ಪೊಳ್ಳಾಚಿ, ಉಡುಮಲೈಪೇಟೆಗಳ ಮೂಲಕ ಸಾಗುತ್ತಾರೆ. ಹೊಸ ಸರಕನ್ನು ನಾಡಿಗೆಲ್ಲ ಹಂಚುವ ಮೊದಲು ಒಂದು ಕಡೆ ಮಾರಿ ನೋಡಬೇಕೆಂದು ಈಗ ವಾಣಿಜ್ಯ ಕಾಲೇಜುಗಳಲ್ಲಿ ಕಲಿಸುತ್ತಾರಷ್ಟೆ. ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರಿಗೆ ಆ ಪಾಠವಾದದ್ದು ಈ ಪೊಳ್ಳಾಚಿ–ಪಳನಿ ರಸ್ತೆಯಲ್ಲಿ ಎಂದು ನಮ್ಮ ಎಣಿಕೆ.

ಅವರು ಹುಟ್ಟಿದ್ದು 1893ರ ಮಾರ್ಚ್ 23ರಂದು, ಕೊಯಮತ್ತೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯ ರೈತ ಮನೆತನದಲ್ಲಿ. ಶಾಲೆ ಅವರಿಗೆ ಒಗ್ಗಲಿಲ್ಲ. ಗುರುಗಳ ಮುಖಕ್ಕೆ ಮರಳೆರಚಿ ಹೊರಬಿದ್ದರೆಂದು ಪ್ರತೀತಿ. (ಅಧ್ಯಾಪಕರಾದ ನಮಗೆ ಇದನ್ನು ಬರೆಯುವುದು ಅಷ್ಟೇನೂ ಹಿತವಲ್ಲ.) ಆಂಗ್ಲ ಅಧಿಕಾರಿಯೊಬ್ಬನ ಮೋಟಾರು ಸೈಕಲ್ ಕಂಡು ಮನಸೋತು, ಕೊಯಮತ್ತೂರಿನ ಹೋಟೆಲೊಂದರಲ್ಲಿ ದುಡಿದು ಹಣ ಕೂಡಿಸಿ ಅದನ್ನೇ ಕೊಂಡರು. ಕೊಂಡದ್ದು ಸವಾರಿಗಿಂತ ಹೆಚ್ಚಾಗಿ ಬಿಚ್ಚಿ ಜೋಡಿಸುವುದಕ್ಕೆ.

1920ರಲ್ಲಿ ಒಂದು ಬಸ್ಸು ಕೊಂಡು ಪೊಳ್ಳಾಚಿ–ಪಳನಿಗಳ ನಡುವೆ ತಾವೇ ಓಡಿಸತೊಡಗಿದರು. ಪೊಳ್ಳಾಚಿಯಿಂದ ಪಳನಿಯತ್ತ ಆಗ ರೈಲು ಇರಲಿಲ್ಲ. ಆ ಹಾದಿ ತೆರೆದದ್ದು 1928ರಲ್ಲಿ. ಜನರು ಕಾಸು ಕೊಟ್ಟು ಮೋಟಾರು ಏರುವರೋ, ಎತ್ತಿನ ಗಾಡಿಯೇ ಸಾಕೆನ್ನುವರೋ ಎಂಬುದನ್ನು ಓಡಿಸಿಯೇ ತಿಳಿಯಬೇಕಿತ್ತು. ಚಾಲಕರೂ ಯಜಮಾನರೂ ಒಬ್ಬರೇ. ಯಾವ ಊರಲ್ಲಿ ಜನ ಕಾದಿದ್ದಾರೆ, ಯಂತ್ರ ಎಲ್ಲಿ ಮುನಿಯುತ್ತದೆ ಎಂಬುದೆಲ್ಲ ಕಣ್ಣೆದುರಿಗೇ. ಕೈಸುಟ್ಟರೂ ಒಂದು ಗಾಡಿಯ ನಷ್ಟ. ಕೈಸುಡಲಿಲ್ಲ. ಬಸ್ಸುಗಳು ಹೆಚ್ಚಿದವು, ಅವರ ಯುನಿವರ್ಸಲ್ ಮೋಟಾರ್ ಸರ್ವೀಸ್ ನಾಡಿನಲ್ಲೇ ಹೆಸರಾಯಿತು.

1937ರಲ್ಲಿ ಡಿ. ಬಾಲಸುಂದರಂ ಅವರ ಜೊತೆಗೂಡಿ ದೇಶದಲ್ಲೇ ತಯಾರಾದ ವಿದ್ಯುತ್ ಮೋಟಾರನ್ನು ಹೊರತಂದರು. ಪೈಕಾರದ ಜಲವಿದ್ಯುತ್ತು ಬಂದು ಕೆಲವೇ ವರ್ಷಗಳಾಗಿದ್ದ ಕಾಲ. ಹತ್ತಿ ಗಿರಣಿಗಳು, ರೈತರ ಆಳವಾದ ಬಾವಿಗಳು, ಎಲ್ಲ ಗಿರಾಕಿಗಳೂ ಮನೆಬಾಗಿಲಲ್ಲೇ ಇದ್ದರು. ಕೊಯಮತ್ತೂರು ಇಂದು ಪಂಪುಸೆಟ್ಟಿನ ಊರಾಗಿರುವುದನ್ನು ನಮ್ಮ ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಆದರೆ 1952ರಲ್ಲಿ ಕತೆ ಬೇರೆಯಾಯಿತು. ಸುಮಾರು 2,000 ರೂಪಾಯಿಗೆ ಕೊಡಬಹುದಾದ, ಇಬ್ಬರು ಕೂರುವ ಪೆಟ್ರೋಲು ಕಾರನ್ನು ನಾಯ್ಡು ಸಿದ್ಧಪಡಿಸಿದರು. ಕೈಗಾರಿಕೆಗಳಿಗೆ ಪರವಾನಿಗೆ ಕಡ್ಡಾಯ ಮಾಡಿದ 1951ರ ಕಾನೂನು ಬಂದಿತ್ತು. ಸರಕಾರ ಪರವಾನಿಗೆ ಕೊಡಲಿಲ್ಲ, ತಯಾರಿ ನಿಂತಿತು. ದೇಶಕ್ಕೆ ಯಾವುದು ಮೊದಲು ಬೇಕೆಂದು ನಿಶ್ಚಯಿಸುವ ಹೊಣೆ ಸರಕಾರಕ್ಕಿತ್ತು, ಒಪ್ಪೋಣ. ಆದರೂ ಕೊಯಮತ್ತೂರು, ತಿರುಪ್ಪೂರುಗಳಲ್ಲಿ ನೂರು ಕಾರು ಮಾರಿ ನೋಡಲು ಬಿಟ್ಟಿದ್ದರೆ ಏನು ಮುಳುಗುತ್ತಿತ್ತು? ಕಾರು ಬಾಳಿಕೆ ಬರುತ್ತಿತ್ತೋ, ಜನ ಬೇಡವೆನ್ನುತ್ತಿದ್ದರೋ, ಕೊಳ್ಳುವವರು ಹೇಳಬೇಕಾದ ಮಾತನ್ನು ಕಡತವೇ ಹೇಳಿಬಿಟ್ಟಿತು. 1920ರ ಬಸ್ಸಿಗೂ ಹೀಗೆಯೇ ಅಡ್ಡಿ ಬಂದಿದ್ದರೆ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ನಾಯ್ಡು 1974ರ ಜನವರಿ 4ರಂದು ತೀರಿಕೊಂಡರು. ಅವರು ಮಾಡಿದ, ಕೂಡಿಸಿದ ಯಂತ್ರಗಳ ಪ್ರದರ್ಶನಾಲಯ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿದೆ. ಆಸ್ಪತ್ರೆಯ ಕೆಲಸಕ್ಕೆಂದು ಆ ಊರಿಗೆ ಹೋಗುವ ನಮ್ಮವರು ಅರ್ಧ ದಿನ ಬಿಡುವಾದರೆ ನೋಡಿ ಬರಬಹುದು.