ವಾಲ್ವ್ ತೆರೆದಿಟ್ಟ ಡೇವಿಸ್

ಸಸ್ಪೆನ್ಷನ್ ಎತ್ತರಿಸಿ, ದೊಡ್ಡ ಟೈರ್ ಹಾಕಿದ ಹಳೇ ಜೀಪಿನ ಸ್ಟೀರಿಂಗನ್ನು ನಿಂತಲ್ಲೇ ತಿರುಗಿಸಿ ನೋಡಿ. ಪವರ್ ಸ್ಟೀರಿಂಗ್ ಇಲ್ಲದಿದ್ರೆ ಕೈ, ಭುಜ, ಬೆನ್ನು ಎಲ್ಲಾ ಸೇರಿ ಕೆಲಸ ಮಾಡ್ಬೇಕು. ಇದ್ರೆ ಒಂದು ಕೈ ಸಾಕು. ಈ ವ್ಯತ್ಯಾಸದ ಹಿಂದೆ ಒಬ್ಬ ಎಂಜಿನಿಯರ್‌ನ ಮೂವತ್ತು ವರ್ಷದ ಹಠ ಇದೆ. ಅವರ ಹೆಸರು ಫ್ರಾನ್ಸಿಸ್ ಡೇವಿಸ್. ಪವರ್ ಸ್ಟೀರಿಂಗ್‌ನ ಪಿತಾಮಹ ಅಂತ ಆಟೋಮೊಬೈಲ್ ಇತಿಹಾಸ ಅವರನ್ನು ಗುರುತಿಸುತ್ತೆ. ಅವರ ಕಥೆ ನಮ್ಮಂಥ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಯಾಕಂದ್ರೆ ಅವರ ಡಿಸೈನ್ ಸರಿಯಾಗಿಯೇ ಇತ್ತು. ಆದರೂ ಇಪ್ಪತ್ತೈದು ವರ್ಷ ಅದನ್ನು ಯಾರೂ ಮಾರುಕಟ್ಟೆಯ ಕಾರಿಗೆ ಹಾಕಲಿಲ್ಲ.

ಡೇವಿಸ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಹಾರ್ವರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿ ಬಫಲೋ ನಗರದ ಪಿಯರ್ಸ್-ಆರೋ ಕಂಪನಿ ಸೇರಿದರು. ಶ್ರೀಮಂತರ ಕಾರುಗಳಿಗೆ ಹೆಸರಾಗಿದ್ದ ಆ ಕಂಪನಿ ಲಾರಿಗಳನ್ನೂ ಕಟ್ಟುತ್ತಿತ್ತು. ಡೇವಿಸ್ ಅದರ ಲಾರಿ ವಿಭಾಗದ ಮುಖ್ಯ ಎಂಜಿನಿಯರ್ ಆದರು.

ಲಾರಿ ಅಂದ್ಮೇಲೆ ಭಾರ. ಮುಂದಿನ ಚಕ್ರದ ಮೇಲೆ ಭಾರ ಹೆಚ್ಚಾದಷ್ಟೂ ಸ್ಟೀರಿಂಗ್ ಗಟ್ಟಿ. ಗೇರ್ ಅನುಪಾತ ಜಾಸ್ತಿ ಮಾಡಿದ್ರೆ ಹಗುರ ಆಗುತ್ತೆ ನಿಜ, ಆದರೆ ಒಂದು ತಿರುವಿಗೆ ಸ್ಟೀರಿಂಗನ್ನು ಹತ್ತಾರು ಸಲ ಸುತ್ತಬೇಕಾಗುತ್ತೆ. ಚಕ್ರ ಗುಂಡಿಗೆ ಬಿದ್ದರೆ ಆ ಏಟು ನೇರ ಡ್ರೈವರ್ ಕೈಗೆ. 1920ರ ದಶಕದಲ್ಲಿ ಬಂದ ಬಲೂನ್ ಟೈರ್‌ಗಳು ಕಷ್ಟವನ್ನು ಕಾರುಗಳಿಗೂ ತಂದವು. ಅಗಲ ಹೆಚ್ಚು, ಗಾಳಿ ಕಮ್ಮಿ, ಹಾಗಾಗಿ ನೆಲಕ್ಕೆ ತಾಗುವ ಜಾಗ ದೊಡ್ಡದು. ಆಫ್-ರೋಡ್ ಹೋಗುವವರು ಗಾಳಿ ಇಳಿಸಿದಾಗ ಆಗುವುದೂ ಇದೇ.

1922ರಲ್ಲಿ ಡೇವಿಸ್ ಆ ಒಳ್ಳೇ ಕೆಲಸ ಬಿಟ್ಟರು. ಮ್ಯಾಸಚೂಸೆಟ್ಸ್‌ನ ವಾಲ್ಥಮ್‌ನಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಬಾಡಿಗೆಗೆ ಹಿಡಿದರು. ಜೊತೆಗಿದ್ದವರು ಜಾರ್ಜ್ ಜೆಸಪ್ ಅನ್ನೋ ನುರಿತ ಮೆಕ್ಯಾನಿಕ್. ಎಣ್ಣೆಯ ಒತ್ತಡದಿಂದ ಸ್ಟೀರಿಂಗ್ ತಿರುಗಿಸೋಣ ಅನ್ನೋದು ಯೋಚನೆ. ತೊಡಕಿದ್ದದ್ದು ವಾಲ್ವ್‌ನಲ್ಲಿ. ವಾಲ್ವ್ ಮುಚ್ಚಿಟ್ಟು ಒತ್ತಡವನ್ನು ಸದಾ ಕೂಡಿಟ್ಟುಕೊಂಡು, ಬೇಕಾದಾಗ ಬಿಡೋ ವ್ಯವಸ್ಥೆ ಕಾರಿಗೆ ಆಗಿಬರಲ್ಲ. ಯಾವಾಗಲೂ ಒತ್ತಡ ಇದ್ರೆ ಸೀಲ್‌ಗಳು ಸೋರುತ್ತವೆ.

ಡೇವಿಸ್ ಇದನ್ನು ತಲೆಕೆಳಗು ಮಾಡಿದರು. ವಾಲ್ವ್ ತೆರೆದೇ ಇರಲಿ, ಎಣ್ಣೆ ಸುಮ್ಮನೆ ಪಂಪಿನಿಂದ ಹೋಗಿ ಟ್ಯಾಂಕಿಗೆ ವಾಪಸ್ ಬರ್ತಾ ಇರಲಿ. ನೇರ ಹೋಗುವಾಗ ಒತ್ತಡವೇ ಬೇಡ. ಡ್ರೈವರ್ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ವಾಲ್ವ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಎಣ್ಣೆಯ ದಾರಿಯನ್ನು ಕಿರಿದು ಮಾಡಬೇಕು. ತೋಟದ ಪೈಪಿನಲ್ಲಿ ನೀರು ಹರೀತಿರುವಾಗ ಬಾಯಿಗೆ ಹೆಬ್ಬೆರಳು ಒತ್ತಿದ್ರೆ ಒತ್ತಡ ಏರುತ್ತಲ್ಲ, ಹಾಗೆ. ಆ ಒತ್ತಡ ಪಿಸ್ಟನ್‌ನ ಒಂದು ಬದಿಗೆ ಹೋಗಿ ಚಕ್ರ ತಿರುಗಿಸುತ್ತೆ. ಕೈ ನಿಂತ ಕೂಡಲೇ ವಾಲ್ವ್ ಮತ್ತೆ ನಡುವಿಗೆ ಬರುತ್ತೆ. ಸ್ಟೀರಿಂಗ್‌ಗೂ ಚಕ್ರಕ್ಕೂ ಇದ್ದ ಲೋಹದ ಸಂಪರ್ಕ ಹಾಗೇ ಉಳಿಯೋದರಿಂದ ಎಂಜಿನ್ ನಿಂತರೂ ಗಾಡಿ ತಿರುಗುತ್ತೆ, ಭಾರ ಅನ್ನಿಸುತ್ತೆ ಅಷ್ಟೇ. ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಫೀಡ್‌ಬ್ಯಾಕ್ ಅಂತ ಓದ್ತೀವಲ್ಲ, ಅದು ಇಲ್ಲಿ ಎಣ್ಣೆ ಮತ್ತು ಉಕ್ಕಿನಲ್ಲೇ ಇದೆ.

1920ರ ದಶಕದ ಮಧ್ಯದಲ್ಲಿ ಡೇವಿಸ್ ಇದನ್ನು ಒಂದು ಪಿಯರ್ಸ್-ಆರೋ ಕಾರಿಗೆ ಅಳವಡಿಸಿ ಓಡಿಸಿದರು, ದೊಡ್ಡ ಕಂಪನಿಗಳಿಗೆ ತೋರಿಸಿದರು. ಜನರಲ್ ಮೋಟಾರ್ಸ್‌ಗೆ ಇಷ್ಟ ಆಯ್ತು. ಕ್ಯಾಡಿಲಾಕ್‌ಗೆ ಹಾಕೋ ಯೋಜನೆ, ಒಪ್ಪಂದ, ವರ್ಷಗಟ್ಟಲೆ ಪರೀಕ್ಷೆ ಎಲ್ಲಾ ನಡೀತು. ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ಬಂತು. ದುಬಾರಿ ಕಾರು ಕೊಳ್ಳೋರೇ ಇಲ್ಲದಾಗ ಹೊಸ ಯಂತ್ರೋಪಕರಣದ ಖರ್ಚು ಹುಟ್ಟಲ್ಲ ಅನ್ನೋದು ಲೆಕ್ಕ. 1934ರಲ್ಲಿ ಒಪ್ಪಂದ ರದ್ದಾಯ್ತು. ವಾಲ್ವ್‌ನಲ್ಲಿ ತಪ್ಪಿರಲಿಲ್ಲ, ಕಾಲ ಕೂಡಿಬರಲಿಲ್ಲ.

ಡೇವಿಸ್ 1936ರಲ್ಲಿ ಬೆಂಡಿಕ್ಸ್ ಕಂಪನಿಯ ಜೊತೆ ಮತ್ತೆ ಶುರು ಮಾಡಿದರು. ಕೊನೆಗೆ ಆ ಸ್ಟೀರಿಂಗ್ ದೊಡ್ಡ ಪ್ರಮಾಣದಲ್ಲಿ ತಯಾರಾಗಿದ್ದು ಎರಡನೇ ಮಹಾಯುದ್ಧಕ್ಕೆ. ಬ್ರಿಟಿಷ್ ಸೇನೆಗಾಗಿ ಷೆವರ್ಲೆ ಕಟ್ಟಿದ ಕವಚದ ವಾಹನಗಳಿಗೆ ಪವರ್ ಸ್ಟೀರಿಂಗ್ ಬಂತು. ಟನ್‌ಗಟ್ಟಲೆ ಉಕ್ಕು ಹೊತ್ತು, ರಸ್ತೆ ಇಲ್ಲದ ಕಡೆ ಓಡಬೇಕಾದ ಗಾಡಿಗಳವು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ವಾಹನಗಳಲ್ಲಿ ಅದು ಇತ್ತು. ಸುಖದ ಕಾರಿಗೆ ಬೇಡವಾದದ್ದು ಕಷ್ಟದ ಗಾಡಿಗೆ ಬೇಕಾಯ್ತು.

ಮಾಮೂಲಿ ಗ್ರಾಹಕರ ಕೈಗೆ ಅದು ಸಿಕ್ಕಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಅದಕ್ಕೆ ಆಧಾರ ಡೇವಿಸ್‌ರ ಪೇಟೆಂಟ್‌ಗಳೇ, ಆದರೆ ಅವಧಿ ಮುಗಿದವು. ಆಗ ಅಮೆರಿಕದಲ್ಲಿ ಪೇಟೆಂಟ್ ಮಂಜೂರಾದ ಮೇಲೆ 17 ವರ್ಷ ಮಾತ್ರ ಹಕ್ಕು. ಕಾಯ್ದು ಕಾಯ್ದು ಆ ಹಕ್ಕೇ ಕರಗಿಹೋಗಿತ್ತು. ಕ್ರೈಸ್ಲರ್ ಮುಂದೆ ಹೋದದ್ದು ನೋಡಿ ಜನರಲ್ ಮೋಟಾರ್ಸ್ ಮತ್ತೆ ಡೇವಿಸ್‌ರ ಬಳಿ ಬಂತು. 1952ಕ್ಕೆ ಕ್ಯಾಡಿಲಾಕ್‌ನಲ್ಲೂ ಪವರ್ ಸ್ಟೀರಿಂಗ್. ಆಗ ಡೇವಿಸ್‌ಗೆ ಅರವತ್ತು ದಾಟಿತ್ತು. 1978ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ದೇಶದ ರಸ್ತೆಗಳಲ್ಲಿ ಪವರ್ ಸ್ಟೀರಿಂಗ್ ಯಾರಿಗೂ ಅಚ್ಚರಿಯ ವಸ್ತುವಾಗಿರಲಿಲ್ಲ.

ಹಳೇ ಸಿಜೆ ಜೀಪುಗಳನ್ನು ಆಫ್-ರೋಡ್‌ಗೆ ರೆಡಿ ಮಾಡೋರು ಇವತ್ತಿಗೂ ಜನರಲ್ ಮೋಟಾರ್ಸ್‌ನ ಸ್ಯಾಗಿನಾ ವಿಭಾಗದ ಹಳೇ ಪವರ್ ಸ್ಟೀರಿಂಗ್ ಬಾಕ್ಸ್ ಹುಡುಕಿ ಕೂರಿಸ್ತಾರೆ. ಒಳಗೆ ಇರೋದು ಅದೇ ತೆರೆದ ವಾಲ್ವ್‌ನ ತತ್ವ. ಗಾಡಿ ಕೆಟ್ಟಾಗಲೂ ಆ ತತ್ವ ನೆನಪಿದ್ರೆ ಕೆಲಸ ಸುಲಭ. ಸ್ಟೀರಿಂಗ್ ಪೂರ್ತಿ ಕೊನೆಗೆ ತಿರುಗಿಸಿ ಹಿಡಿದ್ರೆ ಎಣ್ಣೆಯ ದಾರಿ ಮುಚ್ಚಿ ಒತ್ತಡ ತುದಿಗೇರುತ್ತೆ, ರಿಲೀಫ್ ವಾಲ್ವ್ ತೆರೆದು ಎಣ್ಣೆ ಕಾಯುತ್ತೆ. ಹಾಗಾಗಿ ಅಲ್ಲಿ ತುಂಬಾ ಹೊತ್ತು ಹಿಡೀಬಾರದು. ದೊಡ್ಡ ಟೈರ್ ಹಾಕಿದವರು ಎಣ್ಣೆಗೆ ಕೂಲರ್ ಹಾಕೋದೂ ಇದಕ್ಕೇ. ಪಂಪ್ ಕುಂಯ್‌ಗುಟ್ಟಿದ್ರೆ ಮೊದಲು ನೋಡಬೇಕಾದ್ದು ಎಣ್ಣೆ ಮಟ್ಟ ಮತ್ತು ಒಳಗೆ ಸೇರಿದ ಗಾಳಿ.

ಆದರೆ ಡೇವಿಸ್‌ರ ವಾಲ್ವ್ ಕೊಡೋದು ಬಲ ಮಾತ್ರ. ಗಾಡಿಯ ಜ್ಯಾಮಿತಿಯನ್ನು ಅದು ಸರಿ ಮಾಡಲ್ಲ. ಇಡೀ ಆಕ್ಸಲ್ ಇರುವ ಜೀಪನ್ನು ಎತ್ತರಿಸಿದಾಗ ಡ್ರಾಗ್ ಲಿಂಕ್ ಓರೆಯಾಗುತ್ತೆ. ಚಕ್ರ ಮೇಲೆ ಕೆಳಗೆ ಆದಾಗ ನಾವು ಮುಟ್ಟದಿದ್ರೂ ಗಾಡಿ ತಾನೇ ತಿರುಗುತ್ತೆ, ಇದಕ್ಕೆ ಬಂಪ್ ಸ್ಟೀರ್ ಅಂತಾರೆ. ಕ್ಯಾಸ್ಟರ್ ಕೋನ ಕಮ್ಮಿಯಾದ್ರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲ್ಲ. ಸವೆದ ಬಾಲ್ ಜಾಯಿಂಟ್, ಸಡಿಲವಾದ ಟ್ರ್ಯಾಕ್ ಬಾರ್ ಇದ್ರೆ ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ನಡುಗುತ್ತವೆ. ಇವಕ್ಕೆಲ್ಲ ಇನ್ನೂ ದೊಡ್ಡ ಪಂಪ್ ಹಾಕೋದು ಉತ್ತರ ಅಲ್ಲ. ಸ್ಟೀರಿಂಗ್ ಹಗುರ ಆದಷ್ಟೂ ಒಳಗಿನ ದೋಷ ಕೈಗೆ ಗೊತ್ತಾಗೋದು ತಡ.

ನಮ್ಮ ಬಾಹಾ ಟೀಮಿನವರಿಗೂ, ಮನೆಯಲ್ಲಿ ಜೀಪ್ ಇರೋರಿಗೂ ಒಂದು ಸರಳ ಪರೀಕ್ಷೆ. ಪವರ್ ಸ್ಟೀರಿಂಗ್ ಇರೋ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಎಂಜಿನ್ ಶುರು ಮಾಡಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಕೆಳಗೆ ನುಸುಳದೆ, ಪಕ್ಕದಿಂದ ಬಗ್ಗಿ ಒಂದೊಂದೇ ಜಾಯಿಂಟ್ ನೋಡಲಿ. ಚಕ್ರ ತಿರುಗೋಕೆ ಮುಂಚೆ ಯಾವುದು ಕುಣಿಯುತ್ತೋ ಅದನ್ನು ಮೊದಲು ಬದಲಾಯಿಸಿ. ಇನ್ನೂ ಬಲ ಬೇಕಾ ಅನ್ನೋ ಪ್ರಶ್ನೆ ಆಮೇಲೆ.