ಓಟಗಾರ ಪೆಲ್ಟ್ಸರ್: ಕೀರ್ತಿ ಮತ್ತು ಕಾರಾಗೃಹ

ಕ್ರೀಡಾಂಗಣದಲ್ಲಿ ಗೆದ್ದವನ ಕೀರ್ತಿಯನ್ನು ಇಡೀ ರಾಷ್ಟ್ರವೇ ಹಂಚಿಕೊಳ್ಳುತ್ತದೆ. ಅದೇ ವ್ಯಕ್ತಿಗೆ ವಿಪತ್ತು ಒದಗಿದಾಗ ರಾಷ್ಟ್ರವು ಆತನನ್ನು ಹೇಗೆ ಕಾಣುವುದೆಂಬುದು ಅದರ ನಾಗರಿಕತೆಗೆ ಒರೆಗಲ್ಲು. ಜರ್ಮನಿಯ ಓಟಗಾರ ಡಾಕ್ಟರ್ ಓಟೊ ಪೆಲ್ಟ್ಸರನ ಜೀವಿತವು ಈ ಮಾತಿಗೆ ನಿದರ್ಶನವಾಗಿದೆ. ಆತನು ಇಳಿವಯಸ್ಸಿನಲ್ಲಿ ಆಶ್ರಯ ಪಡೆದುದು ನಮ್ಮ ದೆಹಲಿಯಲ್ಲಿಯಾದುದರಿಂದ ಭಾರತೀಯರು ಆ ಕಥೆಯನ್ನು ಅರಿತಿರುವುದು ಉಚಿತವೇ ಸರಿ.

ಪೆಲ್ಟ್ಸರನು 1900ನೆಯ ಇಸವಿಯ ಮಾರ್ಚಿ 8ರಂದು ಉತ್ತರ ಜರ್ಮನಿಯ ಹೋಲ್‌ಸ್ಟೈನ್ ಪ್ರಾಂತದಲ್ಲಿ ಜನಿಸಿದನು. ಬಾಲ್ಯದಲ್ಲಿ ರೋಗಪೀಡಿತನಾಗಿದ್ದ ಈತನು ಮುಂದೆ ಓಟಗಾರನಾಗುವನೆಂದು ಯಾರೂ ಊಹಿಸುವಂತಿರಲಿಲ್ಲ. ಮ್ಯೂನಿಕ್ ನಗರದಲ್ಲಿ ವ್ಯಾಸಂಗ ಮಾಡಿ ಡಾಕ್ಟರ್ ಪದವಿಯನ್ನು ಪಡೆದ ಆತನು ಓದಿನಲ್ಲಿದ್ದ ಶ್ರದ್ಧೆಯನ್ನೇ ದೇಹಸಾಧನೆಯಲ್ಲಿಯೂ ತೋರಿದನು. ಆದರೆ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1920 ಮತ್ತು 1924ರ ಒಲಿಂಪಿಕ್ ಪಂದ್ಯಗಳಲ್ಲಿ ಪ್ರವೇಶವಿರಲಿಲ್ಲ. ತಾರುಣ್ಯದ ಅತ್ಯುತ್ತಮ ವರ್ಷಗಳು ಹೀಗೆ ರಾಜಕೀಯಕ್ಕೆ ಬಲಿಯಾದುವು.

ಮಧ್ಯಮ ದೂರದ ಓಟವು ಕಠಿಣವಾದ ವಿದ್ಯೆ. ಬರಿಯ ವೇಗವಿದ್ದವನು ಕೊನೆಯ ಸುತ್ತಿನಲ್ಲಿ ಸೋಲುತ್ತಾನೆ. ಬರಿಯ ತಾಳ್ಮೆಯಿದ್ದವನು ಕೊನೆಯ ನೂರು ಗಜಗಳಲ್ಲಿ ಹಿಂದೆ ಬೀಳುತ್ತಾನೆ. ಎರಡೂ ಒಂದೇ ದೇಹದಲ್ಲಿ ಕೂಡಿರಬೇಕು. ಪೆಲ್ಟ್ಸರನಲ್ಲಿ ಅವು ಕೂಡಿದ್ದುವೆಂಬುದನ್ನು 1926ನೆಯ ವರ್ಷವು ಜಗತ್ತಿಗೆ ಸಾರಿತು. ಆ ಜುಲೈ ತಿಂಗಳಲ್ಲಿ ಲಂಡನ್ನಿನ 880 ಗಜಗಳ ಪಂದ್ಯದಲ್ಲಿ ಆತನು ಹಿಂದಣ ಒಲಿಂಪಿಕ್ ವಿಜೇತನಾದ ಇಂಗ್ಲೆಂಡಿನ ಡಗ್ಲಾಸ್ ಲೋವನನ್ನು ಸೋಲಿಸಿ, 1 ನಿಮಿಷ 51.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಜಗತ್ತಿನ ದಾಖಲೆಯನ್ನು ಮುರಿದನು. ಸೆಪ್ಟೆಂಬರ್ 11ರಂದು ಬರ್ಲಿನ್ನಿನಲ್ಲಿ 1500 ಮೀಟರುಗಳ ಓಟ ನಡೆಯಿತು. ಎದುರಿಗಿದ್ದವರಲ್ಲಿ ಅಜೇಯನೆಂದೇ ಹೆಸರಾಗಿದ್ದ ಫಿನ್ಲೆಂಡಿನ ಪಾವೊ ನುರ್ಮಿಯೂ ಸ್ವೀಡನ್ನಿನ ಎಡ್ವಿನ್ ವಿಡೆಯೂ ಇದ್ದರು. ಪೆಲ್ಟ್ಸರನು ಇಬ್ಬರನ್ನೂ ಹಿಂದಿಕ್ಕಿ 3 ನಿಮಿಷ 51 ಸೆಕೆಂಡುಗಳಲ್ಲಿ ಓಡಿ, ನುರ್ಮಿಯದೇ ಆಗಿದ್ದ ದಾಖಲೆಯನ್ನು ಅಳಿಸಿದನು. ಮರುವರ್ಷ ಪ್ಯಾರಿಸಿನಲ್ಲಿ 1000 ಮೀಟರುಗಳ ದಾಖಲೆಯೂ ಆತನ ಪಾಲಾಯಿತು. ಪರಾಜಿತ ರಾಷ್ಟ್ರವು ಆತನ ಜಯದಲ್ಲಿ ತನ್ನ ಮಾನವು ಮರಳಿದುದನ್ನು ಕಂಡಿತು.

ಒಲಿಂಪಿಕ್ ಪದಕವು ಮಾತ್ರ ಆತನಿಗೆ ಒಲಿಯಲಿಲ್ಲ. 1928ರಲ್ಲಿ ಕಾಲಿನ ಪೆಟ್ಟು ಅಡ್ಡವಾಯಿತು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಂತಿಮ ಪಂದ್ಯ ತಲುಪಿಯೂ ಬರಿಗೈಯಲ್ಲಿ ಹಿಂದಿರುಗಿದನು.

ಅನಂತರ ಹಿಟ್ಲರನ ಆಳಿಕೆ ಬಂದಿತು. ಪುರುಷ ಪುರುಷರ ನಡುವಣ ಪ್ರಣಯವನ್ನು ಅಪರಾಧವೆಂದೆಣಿಸುವ 175ನೆಯ ಕಲಮಿನ ಮೇರೆಗೆ, ತರುಣರೊಡನೆ ಅಂಥ ಸಂಬಂಧವಿತ್ತೆಂಬ ಆಪಾದನೆಯಿಂದ, 1935ರಲ್ಲಿ ಪೆಲ್ಟ್ಸರನಿಗೆ 18 ತಿಂಗಳ ಸೆರೆಯಾಯಿತು. ನ್ಯಾಯಾಲಯದ ಶಿಕ್ಷೆಗೆ ಒಂದು ಕೊನೆಯುಂಟು. ಸರ್ವಾಧಿಕಾರದ ಹಗೆಗೆ ಕೊನೆಯಿಲ್ಲ. ಬಿಡುಗಡೆಯಾದ ಮೇಲೂ ಕಿರುಕುಳ ತಪ್ಪದೆ ಆತನು ದೇಶ ಬಿಟ್ಟು ಸ್ವೀಡನ್ನಿನಲ್ಲಿ ನೆಲೆಸಿದನು. 1941ರಲ್ಲಿ ಸ್ವದೇಶಕ್ಕೆ ಮರಳಿದೊಡನೆಯೇ ಪುನಃ ಬಂಧಿತನಾಗಿ, ಆಸ್ಟ್ರಿಯದ ಮೌಟ್‌ಹೌಸೆನ್ ಶಿಬಿರಕ್ಕೆ ತಳ್ಳಲ್ಪಟ್ಟನು. ಕಲ್ಲುಗಣಿಯ ದುಡಿತದಿಂದ ಸಹಸ್ರಾರು ಸೆರೆಯಾಳುಗಳು ಸತ್ತ ನರಕವದು. 1945ರ ಮೇ ತಿಂಗಳಲ್ಲಿ ಅಮೇರಿಕದ ಸೈನ್ಯವು ಬಂದಾಗ ಪೆಲ್ಟ್ಸರನು ಇನ್ನೂ ಜೀವಂತನಾಗಿದ್ದನು.

ಸರಕಾರ ಬದಲಾಯಿತು, ಕಾನೂನು ಬದಲಾಗಲಿಲ್ಲ. ನಾಜಿಗಳು ಬಿಗಿಗೊಳಿಸಿದ ಆ ಕಲಮು ಪಶ್ಚಿಮ ಜರ್ಮನಿಯಲ್ಲಿ 1969ರವರೆಗೂ ಹಾಗೆಯೇ ಉಳಿಯಿತು. ತಾಯ್ನಾಡಿನ ಕ್ರೀಡಾಲೋಕವು ಈ ಹಳೆಯ ವೀರನಿಗೆ ಬಾಗಿಲು ತೆರೆಯಲಿಲ್ಲ. 1956ರಲ್ಲಿ ಆತನು ಮೆಲ್ಬೋರ್ನ್ ಒಲಿಂಪಿಕ್ಕಿಗೆ ವರದಿಗಾರನಾಗಿ ಹೋದನು. ಮುಂದೆ ಭಾರತಕ್ಕೆ ಬಂದು ದೆಹಲಿಯ ತರುಣರಿಗೆ ಓಟದ ಶಿಕ್ಷಕನಾದನು. ಅಲ್ಲಿ ಆತನು ಕಟ್ಟಿದ ಸಂಘವು ಮರಣಾನಂತರ ಆತನ ಹೆಸರನ್ನೇ ತಳೆಯಿತು. ಹೃದಯರೋಗದಿಂದ 1967ರಲ್ಲಿ ಜರ್ಮನಿಗೆ ಹಿಂದಿರುಗಿದ ಆತನು 1970ರ ಆಗಸ್ಟ್ 11ರಂದು, ಹೋಲ್‌ಸ್ಟೈನಿನ ಓಯ್ಟಿನ್ ಪಟ್ಟಣದಲ್ಲಿ ಕ್ರೀಡಾಪಂದ್ಯವೊಂದನ್ನು ನೋಡಿದ ಬಳಿಕ ಮೃತನಾದನು.

ಪೆಲ್ಟ್ಸರನ ದಾಖಲೆಗಳನ್ನು ಅನಂತರದ ಓಟಗಾರರು ಮುರಿದರು. ಅದು ಕ್ರೀಡೆಯ ನಿಯಮ. ಆದರೆ ವಿಧಿಸಿದ ಶಿಕ್ಷೆಯನ್ನು ಅನುಭವಿಸಿ ಮುಗಿಸಿದವನನ್ನು ಪುನಃ ಪುನಃ ದಂಡಿಸುವುದು ಯಾವ ನಿಯಮಕ್ಕೂ ಸಲ್ಲದು. ಜಯಘೋಷ ಮಾಡುವ ಜನತೆಗೂ ಕಾನೂನನ್ನು ನಡೆಸುವ ಅಧಿಕಾರಿಗಳಿಗೂ ಈ ಜೀವಿತವು ಕಲಿಸುವ ಪಾಠವಿದು.