ವರ್ಜೀನಿಯಾ ಆಪ್ಗಾರ್

ವರ್ಜೀನಿಯಾ ಆಪ್ಗಾರ್ (ಜೂನ್ 7, 1909 – ಆಗಸ್ಟ್ 7, 1974) ಅಮೇರಿಕದ ಅರಿವಳಿಕೆ ತಜ್ಞೆ. ನವಜಾತ ಶಿಶುವಿನ ಸ್ಥಿತಿಯನ್ನು ಹೆರಿಗೆ ಕೊಠಡಿಯಲ್ಲಿಯೇ ಅಳೆಯುವ 'ಆಪ್ಗಾರ್ ಅಂಕ'ವನ್ನು ರೂಪಿಸಿದವರು. ವೈದ್ಯರು, ದಾದಿಯರು ಮತ್ತು ಅರಿವಳಿಕೆ ತಜ್ಞರು ಶಿಶುವಿನ ಸ್ಥಿತಿಯನ್ನು ಒಂದೇ ಭಾಷೆಯಲ್ಲಿ ಹೇಳಿ ಒಟ್ಟಾಗಿ ಕೆಲಸ ಮಾಡಲು ಈ ಅಂಕ ನೆರವಾಯಿತು.

ಜೀವನ ಮತ್ತು ವೃತ್ತಿ

ಇವರು ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್‌ನಲ್ಲಿ ಜನಿಸಿದರು. 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಶಸ್ತ್ರವೈದ್ಯೆಯಾಗುವ ಆಸೆಯಿದ್ದರೂ, ಆ ಕ್ಷೇತ್ರದಲ್ಲಿ ಮಹಿಳೆಯರಿಗೆ ಅವಕಾಶ ವಿರಳವೆಂದು ಹಿರಿಯ ಶಸ್ತ್ರವೈದ್ಯ ಅಲೆನ್ ವಿಪಲ್ ಅವರು ಸಲಹೆ ನೀಡಿದ್ದರಿಂದ ಅರಿವಳಿಕೆ ಶಾಸ್ತ್ರದತ್ತ ತಿರುಗಿದರು. 1949ರಲ್ಲಿ ಕೊಲಂಬಿಯಾದ ವೈದ್ಯಕೀಯ ಕಾಲೇಜಿನಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆಗೇರಿದ ಮೊದಲ ಮಹಿಳೆಯಾದರು.

ಆಪ್ಗಾರ್ ಅಂಕ

ಆ ಕಾಲದಲ್ಲಿ ಹೆರಿಗೆಯಾದೊಡನೆ ಗಮನವೆಲ್ಲ ತಾಯಿಯ ಕಡೆಗಿರುತ್ತಿತ್ತು. ಶಿಶುವಿಗೆ ತುರ್ತು ನೆರವು ಬೇಕೇ ಎಂಬುದನ್ನು ನಿರ್ಧರಿಸಲು ಎಲ್ಲರೂ ಒಪ್ಪಿದ ಮಾನದಂಡವಿರಲಿಲ್ಲ. ಆಪ್ಗಾರ್ ಅವರು ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗುವು, ಪ್ರಚೋದನೆಗೆ ಪ್ರತಿಕ್ರಿಯೆ ಮತ್ತು ಮೈಬಣ್ಣ ಎಂಬ 5 ಲಕ್ಷಣಗಳನ್ನು ಆರಿಸಿ, ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ ನಿಗದಿಪಡಿಸಿದರು. ಗರಿಷ್ಠ ಮೊತ್ತ 10. ಈ ಪದ್ಧತಿಯು 1953ರಲ್ಲಿ ಪ್ರಕಟವಾಯಿತು. ಹುಟ್ಟಿದ 1 ನಿಮಿಷಕ್ಕೆ ನೀಡುತ್ತಿದ್ದ ಅಂಕವನ್ನು ಮುಂದೆ 5ನೇ ನಿಮಿಷಕ್ಕೂ ನೀಡುವ ರೂಢಿ ಬಂದಿತು.

ಹೆರಿಗೆ ಮಾಡಿಸಿದವರೇ ಅಂಕ ನೀಡಬಾರದು, ಪಕ್ಕದಲ್ಲಿರುವ ಇನ್ನೊಬ್ಬರು ನೀಡಬೇಕು ಎಂಬುದು ಅವರ ನಿಲುವಾಗಿತ್ತು. ಇದರಿಂದ ಶಿಶುವನ್ನಷ್ಟೇ ಗಮನಿಸುವ ಒಬ್ಬರು ತಂಡದಲ್ಲಿ ಇರುವಂತಾಯಿತು. ಆದರೆ ಉಸಿರಾಡದ ಶಿಶುವಿಗೆ ನೆರವು ನೀಡಲು ಮೊದಲ ನಿಮಿಷದ ಅಂಕಕ್ಕಾಗಿ ಕಾಯಬಾರದು ಎಂಬುದು ಇಂದಿನ ವೈದ್ಯಕೀಯ ನಿಯಮ. ಶಿಶುವಿನ ಮುಂದಿನ ಬುದ್ಧಿಶಕ್ತಿಯನ್ನು ಈ ಅಂಕದಿಂದ ಊಹಿಸಲಾಗದು.

ಕರ್ನಾಟಕದಲ್ಲಿ

ಭಾರತದಲ್ಲಿ 2009ರಲ್ಲಿ ಆರಂಭವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವು ವೈದ್ಯರಿಗೂ ದಾದಿಯರಿಗೂ ಶಿಶುವಿನ ಉಸಿರಾಟವನ್ನು ಮರಳಿಸುವ ತರಬೇತಿ ನೀಡುತ್ತದೆ. ಬಾಗಲಕೋಟೆ ಸೇರಿದಂತೆ ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ ನಡೆದ 'ಸುಕ್ಷೇಮ' ಯೋಜನೆಯಲ್ಲಿ ಮಾರ್ಗದರ್ಶಿ ದಾದಿಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತೆರಳಿ ಅಲ್ಲಿನ ಸಿಬ್ಬಂದಿಗೆ ಕಲಿಸಿದರು. ಬಾದಾಮಿ, ಹುನಗುಂದ ಅಥವಾ ಇಳಕಲ್‌ನಂತಹ ಊರಿನಿಂದ ಅಪಾಯದಲ್ಲಿರುವ ಶಿಶುವನ್ನು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕಳುಹಿಸುವಾಗ, ಚೀಟಿಯಲ್ಲಿ ಬರೆದ ಈ ಅಂಕವು ಹೆರಿಗೆಯ ವೇಳೆ ಇಲ್ಲದಿದ್ದ ವೈದ್ಯರಿಗೂ ಶಿಶುವಿನ ಮೊದಲ ನಿಮಿಷಗಳ ಸ್ಥಿತಿಯನ್ನು ತಿಳಿಸುತ್ತದೆ.

ಕೊನೆಯ ವರ್ಷಗಳು

1959ರಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಪ್ಗಾರ್, ಬಳಿಕ ಜನ್ಮಜಾತ ದೋಷಗಳ ತಡೆಗಾಗಿ ದುಡಿದರು. ತಂತಿವಾದ್ಯಗಳನ್ನು ನುಡಿಸುತ್ತಿದ್ದುದಲ್ಲದೆ, ಸ್ವತಃ ತಯಾರಿಸುತ್ತಲೂ ಇದ್ದರು. 1974ರಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. 1994ರಲ್ಲಿ ಅಮೇರಿಕದ ಅಂಚೆ ಇಲಾಖೆ ಇವರ ಗೌರವಾರ್ಥ ಅಂಚೆಚೀಟಿ ಹೊರತಂದಿತು.